ಹೊಳೆ ಮೀನಿಗೆ ಅರಿಶಿನದ ಚೀಟಿ

ಹೊನ್ನಾಳಿ
11 ನವೆಂಬರ್ 2024

ಅವ್ವ,

ನಿನ್ನೆ ಫೋನಿನಲ್ಲಿ ಮೂರು ಸಲ ಕೇಳಿದೆ. ಮೂರು ಸಲವೂ ನೀನು “ಹೂಂ, ಆಗ್ಲಿ ಬಿಡು, ಊಟ ಆತಾ?” ಅಂದೆ. ನಲವತ್ತು ವರ್ಷ ಅಚ್ಚಿನ ಮಿಷನ್ನಿನ ಪಕ್ಕ ನಿಂತ ಕಿವಿಗೆ ನಾನು ಇನ್ನೆಷ್ಟು ಜೋರಾಗಿ ಕೂಗಲಿ? ಪಕ್ಕದ ಮನೆಯವರು ಬಂದು “ಮೇಡಂ, ಎಲ್ಲಾ ಅರಾಮಾ?” ಎಂದು ವಿಚಾರಿಸಿಕೊಂಡು ಹೋದರು. ಮೊಬೈಲಿಗೆ ಬಂದ ಮೆಸೇಜನ್ನು ನೀನು ತೆರೆಯುವುದಿಲ್ಲ. ಹಾಗಾಗಿ ಈ ಕಾಗದ. ಬಸ್ಸಿನ ಕಂಡಕ್ಟರ್ ಕೆಂಚೇಶ ಚನ್ನಗಿರಿಯಲ್ಲಿ ಇಳಿದು ಪ್ರೆಸ್ಸಿನ ಬಾಗಿಲಿಗೇ ತಲುಪಿಸುತ್ತೇನೆಂದು ಒಪ್ಪಿದ್ದಾನೆ.

ವಿಷಯ ಇಷ್ಟು. ನಾನು ಪಾಠ ಮಾಡುವ ಕಾಲೇಜಿನಲ್ಲಿ ಚೈತ್ರಶ್ರೀ ಎಂಬ ಹುಡುಗಿ ಇದ್ದಾಳೆ, ಎರಡನೇ ಪಿಯುಸಿ. ಅವಳ ತಾಯಿ ಅಂಜಿನಮ್ಮ ಮತ್ತು ಇನ್ನೂ ಎಂಟು ಜನ ಹೆಂಗಸರು ಸೇರಿ ಒಂದು ತಿನ್ನುವ ಪದಾರ್ಥ ಮಾರುತ್ತಾರೆ. ಕಳೆದ ಬೇಸಿಗೆಯಲ್ಲಿ ಯಾರೋ ಎಲ್ಲಿಯದೋ ಪದಾರ್ಥ ತಿಂದು ವಾಂತಿ ಮಾಡಿಕೊಂಡರು; ಹೆಸರು ಅಂಜಿನಮ್ಮನದು ಬಂತು. ಅವತ್ತಿನಿಂದ ಜನ ಅವಳ ಬುಟ್ಟಿ ದಾಟಿ ಬೇರೆಯವರ ಬುಟ್ಟಿಗೆ ಹೋಗುತ್ತಾರೆ. ಹದಿನೆಂಟು ವರ್ಷದಿಂದ ಒಂದೇ ಜಾಗದಲ್ಲಿ ಕುಳಿತವಳು.

ಈಗ ನ್ಯಾಮತಿಯಲ್ಲಿ ಭೀಮೇಶ್ ಎಂಬುವರು ಹೋಟೆಲ್ ಇಟ್ಟಿದ್ದಾರೆ. ತಾಲ್ಲೂಕು ಆದಮೇಲೆ ಅಲ್ಲಿ ಕಚೇರಿಗಳು ಬಂದಿವೆ, ಮಧ್ಯಾಹ್ನದ ಊಟಕ್ಕೆ ಜನ ಆಗುತ್ತಾರೆ. ಅವರು ಜಗಳೂರು ಕಡೆಯವರು. ಈ ಪದಾರ್ಥ ಚೆನ್ನಾಗಿದೆಯೋ ಕೆಟ್ಟಿದೆಯೋ ನೋಡಿ ಹೇಳಲು ಅವರಿಗೆ ಬರುವುದಿಲ್ಲ. ಒಂದು ತಿಂಗಳು ದಿನಾ ಇಪ್ಪತ್ತು ಡಬ್ಬಿ ತೆಗೆದುಕೊಂಡು ನೋಡುತ್ತೇನೆ, ಒಂದೂ ಕೆಟ್ಟದ್ದು ಬರದಿದ್ದರೆ ಕಾಯಂ ಮಾಡುತ್ತೇನೆ ಅಂದಿದ್ದಾರೆ. ಅಂಜಿನಮ್ಮನಿಗೆ ವ್ಯಾಪಾರಕ್ಕಿಂತ ಹೆಚ್ಚಾಗಿ ಆ ಒಂದು ತಿಂಗಳು ಬೇಕು. ತಿಂಗಳಿಡೀ ಅವಳ ಕೈಯಿಂದ ಒಂದೂ ಕೆಟ್ಟದ್ದು ಹೋಗಲಿಲ್ಲ ಎಂಬ ಮಾತು ನ್ಯಾಮತಿಯಿಂದ ಹೊನ್ನಾಳಿಗೆ ಬರಬೇಕು.

ಇದಕ್ಕೆ ನನ್ನ ಉಪಾಯ ಹೀಗೆ: ಅರಿಶಿನ ಬಳಿದ ಕಾಗದವನ್ನು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದರೆ, ಪದಾರ್ಥ ಕೆಡುವಾಗ ಏಳುವ ಆವಿಗೆ ಹಳದಿ ಹೋಗಿ ಕೆಂಪಾಗುತ್ತದೆ. ಕೆಡದಿದ್ದರೆ ಹಳದಿಯೇ ಉಳಿಯುತ್ತದೆ. ಇಂಥ ಶಾಯಿಗಾಗಿ ಹೊರಗೆ ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ಕೆಲಸ ನಡೆಯುತ್ತಿದೆ. ನಾನು ಅರಿಶಿನವನ್ನು ಸ್ಪಿರಿಟ್ಟಿನಲ್ಲಿ ನೆನೆಸಿ, ಸೋಸಿ, ಅಕ್ಕಿ ಗಂಜಿಯಲ್ಲಿ ಕಲಸಿ ನೋಡಿದೆ. ಬಣ್ಣ ಬರುತ್ತದೆ, ಅಚ್ಚು ಬರುವುದಿಲ್ಲ. ಒಂದು ಚೀಟಿಯಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು. ಹಾಗಾದರೆ ಒಂದೇ ಪದಾರ್ಥಕ್ಕೆ ಎರಡು ಚೀಟಿ ಎರಡು ಮಾತು ಹೇಳುತ್ತವೆ. ನಿನ್ನ ಸ್ಕ್ರೀನ್ ಪ್ರಿಂಟಿಂಗ್ ಟೇಬಲ್ಲು ಬೇಕು. ನಿನ್ನ ಕೈ ಬೇಕು.

ಆ ಪ್ರೆಸ್ಸು ಮುಚ್ಚಿ ಇಲ್ಲಿ ಬಂದು ನನ್ನ ಜೊತೆ ಇರು ಎಂದು ಮೂರು ವರ್ಷದ ಹಿಂದೆ ಹೇಳಿದವಳು ನಾನೇ. ನೀನು ನೆನಪಿಸುವ ಮೊದಲು ನಾನೇ ಬರೆದುಬಿಡುತ್ತೇನೆ.

ನಿನ್ನ ಮಗಳು,
ಶಿವಲೀಲಾ

*

ಚನ್ನಗಿರಿ
16 ನವೆಂಬರ್ 2024

ಲೀಲಾ,

ಇಷ್ಟು ವರ್ಷ ಪ್ರೂಫ್ ತಿದ್ದಿದವಳ ಕೈಗೆ ಕಾಗದ ಕೊಟ್ಟಿದ್ದೀಯ. ‘ಪದಾರ್ಥ’ ಎಂಬ ಮಾತು ಐದು ಸಲ ಬಂದಿದೆ. ಚಿಕ್ಕವಳಿದ್ದಾಗ ದೇವರ ಮನೆಯ ಗಾಜಿನ ದೀಪ ಒಡೆದು, ‘ಒಂದು ಸಾಮಾನು ಬಿತ್ತು’ ಎಂದು ಚೀಟಿ ಬರೆದಿಟ್ಟು ಶಾಲೆಗೆ ಓಡಿದ್ದೆಯಲ್ಲ, ಅದೇ ಬುದ್ಧಿ.

ಕೆಂಚೇಶನನ್ನು ನಿಲ್ಲಿಸಿಕೊಂಡು ಕೇಳಿದೆ. “ಹೊನ್ನಾಳಿಯಾಗೆ ಅಂಜಿನಮ್ಮ ಅಂದ್ರೆ ಯಾರಪ್ಪಾ?”

“ಹೊಳೆ ಮೀನಿನ ಅಂಜಿನಮ್ಮನಾ? ಸೇತುವೆ ತಾವ ಕೂರ್ತಾಳಲ್ಲ! ಒಳ್ಳೆ ಬಾಳೆಮೀನು ಇಡ್ತಾಳೆ ಕಣಮ್ಮೋ” ಅಂದವನು ನನ್ನ ಹಣೆಯ ವಿಭೂತಿ ನೋಡಿ, “ಅಂದ್ರೆ... ಇಡ್ತಾಳಂತೆ” ಎಂದು ತಿದ್ದಿಕೊಂಡ.

ಚಿತ್ತಪ್ಪ ಅಲ್ಲೇ ಇದ್ದ. ಅವನು ನಮ್ಮ ಪ್ರೆಸ್ಸಿನಲ್ಲಿ ಮಿಷನ್ ಹಿಡಿದು ಇಪ್ಪತ್ತಾರು ವರ್ಷ, ನಿನಗೆ ಗೊತ್ತಲ್ಲ, ನನಗಿಂತ ಮಡಿ. “ಅಮ್ಮಾರೆ, ಮಠದ ಕರಪತ್ರ ಹೊಡೆಯೋ ಟೇಬಲ್ ಐತೆ ಇದು. ಇದ್ರ ಮ್ಯಾಲೆ ಮೀನಿನ ಚೀಟಿನಾ?”

“ಶಾಯಿ ಯಾವುದ್ರದ್ದು?” ಅಂದೆ.

“ಅರಿಶಿಣದ್ದು.”

“ಗಂಜಿ?”

“ಅಕ್ಕಿದು.”

“ಹಂಗಾದ್ರೆ ಇದ್ರಾಗೆ ದೇವರ ಮನೆಗೆ ಹೋಗದೇ ಇರೋದು ಯಾವುದೈತೆ, ಹೇಳು.”

ಅವನು ಸ್ವಲ್ಪ ಹೊತ್ತು ಯೋಚಿಸಿ, “ಸ್ಪಿರಿಟ್ಟು” ಅಂದ.

ನಾನೂ ಎರಡು ದಿನ ಯೋಚಿಸಿದೆ. ಏನೇನು ಯೋಚಿಸಿದೆ ಎಂದು ಬರೆಯುವುದಿಲ್ಲ. ಮುಗಿದದ್ದು ಹೀಗೆ: ನೀನು ಹೈಸ್ಕೂಲಿನಲ್ಲಿದ್ದಾಗ ನಾವು ಹೊಡೆದ ಒಂದು ಲಗ್ನಪತ್ರಿಕೆಯಲ್ಲಿ ಮುಹೂರ್ತ ತಪ್ಪಾಗಿದೆ ಎಂದು ಊರೆಲ್ಲ ಆಡಿಕೊಂಡಿತು. ತಪ್ಪು ಅವರು ಬರೆದುಕೊಟ್ಟ ಹಾಳೆಯಲ್ಲೇ ಇತ್ತು. ಆ ವರ್ಷದ ಮದುವೆಗಳೆಲ್ಲ ನಮ್ಮ ಬಾಗಿಲು ದಾಟಿ ಮುಂದೆ ಹೋದವು. ಅಂಜಿನಮ್ಮನ ಬುಟ್ಟಿ ದಾಟಿ ಹೋಗುವ ಕಾಲುಗಳನ್ನು ನಾನು ನೋಡಿದ್ದೇನೆ.

ಅಕ್ಕಿ ಗಂಜಿ ಬಿಡು, ನಾಲ್ಕನೇ ಹಾಳೆಗೆ ನೀರು ಬಿಡುತ್ತದೆ. ನಮ್ಮ ತವರಿನ ಕಡೆ, ಜಗಳೂರಿನಲ್ಲಿ, ಕಂಬಳಿ ನೇಯುವವರು ನೂಲಿಗೆ ಹುಣಸೆ ಬೀಜದ ಗಂಜಿ, ‘ಸರಿ’ ಅಂತ, ಹಾಕುತ್ತಿದ್ದರು. ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ ಕಾಸಿದೆ. ಜೇನುತುಪ್ಪದ ಹದಕ್ಕೆ ಬಂತು. ನಿನ್ನ ಅರಿಶಿನದ ರಸ ಅದರಲ್ಲಿ ಬೆರೆಸಿ ಸ್ಕ್ರೀನಿನ ಮೇಲೆ ಎಳೆದರೆ ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಹೋಯಿತು. ಹೊಳಪಿನ ಕಾಗದಕ್ಕೆ ಹೋಗಬೇಡ, ಅದು ಶಾಯಿ ಕುಡಿಯುವುದಿಲ್ಲ. ಒರಟು ಕಾಗದದಲ್ಲಿ ಐವತ್ತು ಚೀಟಿ ಹೊಡೆದು ಕಳಿಸಿದ್ದೇನೆ. ಬಿಸಿಲಿಗಿಟ್ಟರೆ ಬಣ್ಣ ಹೋಗುತ್ತದೆ, ಕಪ್ಪು ಕವರಿನಲ್ಲೇ ಇಡು. ಡಬ್ಬಿಗೆ ಇಲ್ಲಿ ಅಡಿಕೆ ಹಾಳೆಯ ತಟ್ಟೆ ಒತ್ತುವವರಿಗೆ ಹೇಳಿದ್ದೇನೆ. ಮುಚ್ಚಳ ಸಮೇತ ಒತ್ತಿಕೊಡುತ್ತಾರೆ.

ಮೀನು ಎಂದು ಬರೆ. ಕಾಗದವೇನೂ ಮೈಲಿಗೆಯಾಗುವುದಿಲ್ಲ.

ಅವ್ವ
(ಕೊಟ್ರಮ್ಮ)

*

ಹೊನ್ನಾಳಿ
10 ಡಿಸೆಂಬರ್ 2024

ಅವ್ವ,

ಮೀನು. ಮೀನು. ಮೀನು. ಬರೆದೆ.

ನಾನು ಹೆದರಿದ್ದು ನಿನಗೋ, ನನ್ನೊಳಗೆ ನಾನೇ ಕೂರಿಸಿಕೊಂಡಿರುವ ನಿನಗೋ ಎಂದು ನಿನ್ನ ಕಾಗದ ಓದಿದ ಮೇಲೆ ಯೋಚಿಸುತ್ತಿದ್ದೇನೆ. ನಿಜವಾದ ನೀನು ನನ್ನೊಳಗಿನವಳಿಗಿಂತ ಎಷ್ಟೋ ವಾಸಿ.

ಐವತ್ತು ಚೀಟಿಯೂ ಒಂದೇ ಸಮ ಬಂದಿದ್ದವು. ಕಾಲೇಜಿನ ಪ್ರಯೋಗಾಲಯದ ಹಿಂದಿನ ಜಗಲಿಯಲ್ಲಿ ಪರೀಕ್ಷೆ ಮಾಡಿದೆವು. ಐಸಿನ ಮೇಲಿಟ್ಟ ಡಬ್ಬಿಯ ಚೀಟಿ ಸಂಜೆಯವರೆಗೂ ಚೆಂಡುಹೂವಿನ ಹಾಗೆ ಹಳದಿ. ಬಿಸಿಲಿಗಿಟ್ಟ ಡಬ್ಬಿಯದು ಮಧ್ಯಾಹ್ನಕ್ಕೆ ಕಿತ್ತಳೆ, ಸಂಜೆಗೆ ಇಟ್ಟಿಗೆ. ಚೀಟಿಯ ತುಂಬ, ಅಂಚಿನಿಂದ ಅಂಚಿಗೆ, ಒಂದೇ ಬಣ್ಣ. ಚೈತ್ರಶ್ರೀ ಕುಣಿದಳು. ನಾನೂ ಸ್ವಲ್ಪ ಕುಣಿದೆ ಎಂದು ಕಾಣುತ್ತದೆ, ಪ್ರಿನ್ಸಿಪಾಲರು ಕಿಟಕಿಯಿಂದ ನೋಡಿದರು.

ಆಮೇಲೆ ಅಂಜಿನಮ್ಮನನ್ನು ನೋಡಲು ಸೇತುವೆಯ ಹತ್ತಿರ ಹೋದೆ. ನನ್ನಷ್ಟೇ ವಯಸ್ಸು. ಕೈ ನಿಲ್ಲುವುದೇ ಇಲ್ಲ. ಮಾತಾಡುತ್ತಲೇ ನಾಲ್ಕು ಮೀನಿನ ಪೊರೆ ಹೆರೆದು ಮುಗಿಸಿದಳು. ನಾನು ಸೆರಗು ಮೂಗಿಗೆ ಹಿಡಿದಿದ್ದೆ.

“ಮೇಡಮ್ಮೋರೆ, ಸೆರಗು ಬಿಡ್ರಿ. ಮೀನೇನು ನಿಮ್ಮ ಮೂಗು ಕಚ್ಚಲ್ಲ” ಅಂದಳು. ಎಂಟು ಜನವೂ ನಕ್ಕರು. ಚೀಟಿಯನ್ನು ಒದ್ದೆ ಕೈಯಲ್ಲಿ ಮುಟ್ಟದೆ, ಬಗ್ಗಿ ನೋಡಿದಳು. “ಇದು ನನ್ನ ಕಡೆ ಸಾಕ್ಷಿ ಹೇಳ್ತೈತಾ?”

“ನಿಮ್ಮ ಕಡೆ ಅಂತಲ್ಲ. ನಿಜ ಹೇಳುತ್ತೆ.”

“ಅಷ್ಟು ಸಾಕು. ನಿಜ ನನ್ನ ಕಡೆಗೇ ಐತೆ.”

ನ್ಯಾಮತಿಯ ಭೀಮೇಶ್ ದೊಡ್ಡ ಆಳು, ದೊಡ್ಡ ನಗು. “ನಮ್ಮ ಜಗಳೂರು ಕಡೆ ಮೀನು ನೋಡ್ಬೇಕು ಅಂದ್ರೆ ಪಂಚಾಂಗದಾಗೆ ನೋಡ್ಬೇಕು ಮೇಡಂ, ಮೀನ ರಾಶಿ ಅಂತ. ನನಗೆ ಅದ್ರ ಕಣ್ಣು ಕಿವಿ ನೋಡಾಕೆ ಬರಲ್ಲ. ಹಳದಿ ಇದ್ರೆ ಒಳಗೆ, ಕೆಂಪು ಇದ್ರೆ ಹೊರಗೆ. ಇದಾದ್ರೆ ನನ್ನಂಥೋನಿಗೂ ತಿಳೀತೈತೆ” ಅಂದರು.

ನಿನ್ನೆ ಸೋಮವಾರ ಮೊದಲ ಇಪ್ಪತ್ತು ಡಬ್ಬಿ ಬಸ್ಸು ಹತ್ತಿದವು. ಇಪ್ಪತ್ತೂ ಹಳದಿ ಎಂದು ಮಧ್ಯಾಹ್ನ ಸುದ್ದಿ ಬಂತು. ಅಂಜಿನಮ್ಮ ಚೈತ್ರಶ್ರೀಯ ಕೈಯಲ್ಲಿ ನನಗೆ ಒಂದು ಮೊಳ ಸೇವಂತಿಗೆ ಕಳಿಸಿದ್ದಳು. ಮುಡಿದುಕೊಂಡೇ ಪಾಠ ಮಾಡಿದೆ.

ಇನ್ನು ಆರುನೂರು ಚೀಟಿ ಬೇಕು.

ಶಿವಲೀಲಾ

*

ಹೊನ್ನಾಳಿ
19 ಡಿಸೆಂಬರ್ 2024

ಅವ್ವ,

ಮೊದಲ ವಾರ ಒಂದು ಚೀಟಿಯೂ ಬಣ್ಣ ಬದಲಿಸಲಿಲ್ಲ. ಈ ಸೋಮವಾರ ಎರಡು ಕೆಂಪು. ಮಂಗಳವಾರ ಐದು. ನಿನ್ನೆ ಏಳು.

ಭೀಮೇಶ್ ಏಳೂ ಡಬ್ಬಿಯನ್ನು ವಾಪಸು ಕಳಿಸಿದರು. ಫೋನಿನಲ್ಲಿ ಸಿಟ್ಟು ಮಾಡಲಿಲ್ಲ, ಬೇಸರ ಮಾಡಿಕೊಂಡರು. “ಮೇಡಂ, ನಾನು ಹೇಳಿದ್ದಲ್ಲ, ನಿಮ್ಮ ಚೀಟಿನೇ ಹೇಳ್ತೈತೆ. ಸದ್ಯಕ್ಕೆ ನಿಲ್ಸೋಣ.” ಮಾತು ಬಸ್ಸಿಗಿಂತ ಬೇಗ ಬಂದಿತ್ತು. ಸಂಜೆ ಸೇತುವೆಯ ಹತ್ತಿರ ಯಾರೋ ಬೈಕು ನಿಲ್ಲಿಸಿ, “ಏನು ಅಂಜಿನಮ್ಮಾ, ನ್ಯಾಮತಿಗೂ ವಾಸನೆ ಹೋತಂತೆ?” ಎಂದು ಕೇಳಿಯೇ ಮುಂದೆ ಹೋದರಂತೆ.

ಅದಾದ ಮೇಲೆ ನಾನು ಹೋದೆ. ನಾನು ಏನು ಕೇಳಿದೆ ಎಂಬುದನ್ನು ನಿನಗೆ ಬರೆಯದೆ ಬಿಡಬಹುದಿತ್ತು. ಎಂಟು ಜನರ ಎದುರಿಗೆ, ತರಗತಿಯಲ್ಲಿ ಮಾತಾಡುವ ಧ್ವನಿಯಲ್ಲಿ, “ಹಿಂದಿನ ದಿನ ಉಳಿದದ್ದು ಏನಾದರೂ ಸೇರಿತ್ತಾ?” ಅಂದೆ.

ಅವಳ ಕೈ ನಿಂತಿತು. ಅವಳ ಕೈ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. “ನೀವೂ ಕೇಳಿದ್ರಲ್ಲ ಮೇಡಂ” ಎಂದು ಎದ್ದು ಕೈ ತೊಳೆದು ಮನೆಗೆ ಹೋದಳು. ಬುಟ್ಟಿ ಅಲ್ಲೇ ಇತ್ತು.

ಇವತ್ತು ಚೈತ್ರಶ್ರೀ ಕಾಲೇಜಿಗೆ ಬಂದಿಲ್ಲ.

ಹಾಳೆಯ ಡಬ್ಬಿಯಲ್ಲಿ ವಾಪಸು ಬಂದ ಮೀನನ್ನು ಅಂಜಿನಮ್ಮನ ಜೊತೆಯ ಹೆಂಗಸೊಬ್ಬಳು ನನ್ನೆದುರಿಗೇ ಮೂಸಿ ನೋಡಿ, ಮನೆಗೆ ಒಯ್ದು ಸಾರು ಮಾಡಿದಳು. ಅವಳ ಮಕ್ಕಳೆಲ್ಲ ಅರಾಮಾಗಿದ್ದಾರೆ. ಹಾಗಾದರೆ ಚೀಟಿ ಯಾಕೆ ಕೆಂಪಾಯಿತು? ಚೀಟಿ ತಪ್ಪಿರಬಹುದು ಎಂದು ನನಗೆ ಮೊದಲು ಯಾಕೆ ಹೊಳೆಯಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಉತ್ತರ ಗೊತ್ತು. ಚೀಟಿ ನಾನು ಮಾಡಿದ್ದು, ಮೀನು ಅವಳು ತಂದದ್ದು.

ಏಳು ಚೀಟಿಯನ್ನೂ ಕಿತ್ತು ಈ ಕಾಗದದ ಜೊತೆ ಕವರಿನಲ್ಲಿ ಇಟ್ಟಿದ್ದೇನೆ. ಹುಣಸೆ ಬೀಜದ ಸರಿಯಲ್ಲಿ ಏನಾದರೂ ಹೆಚ್ಚುಕಡಿಮೆ ಆಗಿತ್ತಾ? ಬೇಗ ಬರೆ.

ಶಿವಲೀಲಾ

*

ಚನ್ನಗಿರಿ
21 ಡಿಸೆಂಬರ್ 2024

ಲೀಲಾ,

ಅಚ್ಚಿನ ತಪ್ಪಲ್ಲ. ಶಾಯಿಯ ತಪ್ಪೂ ಅಲ್ಲ.

ಏಳು ಚೀಟಿಯನ್ನೂ ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ನಡುವೆ ಕೆಂಪು, ಅಂಚಿಗೆ ಹಳದಿ. ಬಿಸಿಲಿಗಿಟ್ಟ ಡಬ್ಬಿಯ ಚೀಟಿ ಅಂಚಿನಿಂದ ಅಂಚಿಗೆ ಒಂದೇ ಬಣ್ಣ ಆಗಿತ್ತು ಎಂದು ನೀನೇ ಬರೆದಿದ್ದೆ. ಕನ್ನಡಕದ ಮೇಲೆ ಭೂತಗನ್ನಡಿ ಇಟ್ಟೆ. ಕೆಂಪಿನೊಳಗೆ ಗೆರೆ. ಸುತ್ತು ಸುತ್ತು ಗೆರೆ. ಹೆಬ್ಬೆಟ್ಟು ಕಣೇ! ಏಳರಲ್ಲೂ ಹೆಬ್ಬೆಟ್ಟು. ಕೆಟ್ಟ ಮೀನಿನ ಆವಿ ಎಂದಾದರೂ ಹೆಬ್ಬೆಟ್ಟಿನ ಆಕಾರದಲ್ಲಿ ಏಳುತ್ತದಾ?

ಮದುವೆಯಲ್ಲಿ ಆರತಿ ಎತ್ತುವ ಕೆಂಪು ನೀರು ಯಾವುದರಿಂದ ಮಾಡುತ್ತಾರೆ? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ. ನಿನ್ನ ಮದುವೆಯಲ್ಲಿ ಆ ತಟ್ಟೆ ಕಲಸಿದವಳು ನಾನೇ. ಇಂಗ್ಲಿಷಿನಲ್ಲಿ ಓದಿ ಅದಕ್ಕೆ ಏನೋ ದೊಡ್ಡ ಹೆಸರು ಕಲಿತಿದ್ದೀಯ, ತಟ್ಟೆ ಮರೆತಿದ್ದೀಯ. ಆ ಶಾಲೆಗೆ ಹಾಕಿದವಳೂ ನಾನೇ, ಬೈಯುವ ಹಾಗೂ ಇಲ್ಲ.

ಪರೀಕ್ಷೆಗೆ ನಾನೇ ಎಲೆ ಅಡಿಕೆ ಹಾಕಿಕೊಂಡೆ. ಎಲೆಗೆ ಸುಣ್ಣ ಸವರಿದ ಹೆಬ್ಬೆರಳನ್ನು ಹೊಸ ಚೀಟಿಯ ಮೇಲೆ ಒತ್ತಿದೆ. ಅಲ್ಲೇ ಆ ಕ್ಷಣವೇ ಕೆಂಪು. ಚಿತ್ತಪ್ಪ ನೋಡಿ, “ಅಮ್ಮಾರೆ, ಚೀಟಿಗೆ ಮುತ್ತೈದೆ ಕಳೆ ಬಂತು” ಅಂದ. ಈಗ ಅವನೇ ಈ ಕೆಲಸಕ್ಕೆ ಬೇರೆ ಸ್ಕ್ರೀನು, ಬೇರೆ ರಬ್ಬರ್ ಪಟ್ಟಿ ಕಟ್ಟಿಟ್ಟುಕೊಂಡಿದ್ದಾನೆ. ಸ್ಪಿರಿಟ್ಟಿನ ಡಬ್ಬಿಗೂ ವಿಭೂತಿ ಹಚ್ಚಿದ್ದಾನೆ, ಕೇಳಿದರೆ ತಾನಲ್ಲ ಅನ್ನುತ್ತಾನೆ.

ಸುಣ್ಣ ಯಾರ ಕೈಯದ್ದು ಎಂದು ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಕಟ್ಟುವವರದ್ದೋ, ಒಯ್ಯುವವರದ್ದೋ, ಬಿಚ್ಚುವವರದ್ದೋ. ಕಣ್ಣಾರೆ ನೋಡುವವರೆಗೆ ಯಾರ ಹೆಸರೂ ಎತ್ತಬೇಡ. ಅದಕ್ಕಿಂತ ಮೊದಲು ಅಂಜಿನಮ್ಮನ ಮನೆಗೆ ಹೋಗಿ ತಪ್ಪಾಯಿತು ಅನ್ನು. ಕಾರಣ ಆಮೇಲೆ ಹುಡುಕು. ಕಾರಣ ಸಿಕ್ಕ ಮೇಲೆ ಕೇಳುವ ತಪ್ಪಾಯಿತು ಅರ್ಧ ತಪ್ಪಾಯಿತು. ಬರಿಗೈಯಲ್ಲಿ ಹೋಗು.

ಅವ್ವ

*

ಹೊನ್ನಾಳಿ
29 ಡಿಸೆಂಬರ್ 2024

ಅವ್ವ,

ಬರಿಗೈಯಲ್ಲೇ ಹೋದೆ. ನಿನ್ನ ಕಾಗದ ಬ್ಯಾಗಿನಲ್ಲಿತ್ತು, ಅದನ್ನು ತೆಗೆದು ತೋರಿಸಬೇಕೆಂದು ಕೈ ತುಡಿಯುತ್ತಿತ್ತು. ತೆಗೆಯಲಿಲ್ಲ. ಬಾಗಿಲಲ್ಲೇ ನಿಂತು, “ತಪ್ಪಾಯಿತು. ಹಾಗೆ ಕೇಳಬಾರದಿತ್ತು. ಅಷ್ಟು ಜನರ ಎದುರಿಗಂತೂ ಕೇಳಬಾರದಿತ್ತು” ಅಂದೆ.

ಅಂಜಿನಮ್ಮ ಈಳಿಗೆ ಮಣೆ ತಿಕ್ಕುತ್ತಿದ್ದಳು. ತಲೆ ಎತ್ತಲಿಲ್ಲ. ತಿಕ್ಕಿ ಮುಗಿಸಿ ಮಣೆಯನ್ನು ಗೋಡೆಗೆ ಒರಗಿಸಿ, “ಕುಂತ್ಕಳ್ರಿ” ಅಂದಳು. ಚೈತ್ರಶ್ರೀ ಟೀ ತಂದುಕೊಟ್ಟಳು. ಟೀ ಮುಗಿದ ಮೇಲೆ ನಾನು ಹೆಬ್ಬೆಟ್ಟಿನ ವಿಷಯ ಹೇಳಿದೆ.

“ನಿಮ್ಮವ್ವ ಕಂಡ್ರಾ ಇದನ್ನ?” ಅಂದವಳು ಒಮ್ಮೆ ತನ್ನ ಕೈ ತಾನೇ ನೋಡಿಕೊಂಡಳು. “ಮೊದ್ಲು ನಮ್ಮ ಬೆಳ್ಳು ನೋಡ್ರಿ. ನಾವೂ ಎಲೆ ಅಡಿಕೆ ಹಾಕೋರೇ. ನಮ್ದಾದ್ರೆ ನಾನೇ ನ್ಯಾಮತಿಗೆ ಹೋಗಿ ಹೇಳ್ತೀನಿ.”

ಮರುದಿನ ಬೆಳಿಗ್ಗೆ ಸೇತುವೆಯ ಹತ್ತಿರ ಒಂಬತ್ತು ಜನರೂ ಸಾಲಾಗಿ ಒಂದೊಂದು ಚೀಟಿಯ ಮೇಲೆ ಹೆಬ್ಬೆಟ್ಟು ಒತ್ತಿದರು. “ಸಾಲದ ಪತ್ರ ಅಲ್ಲ ತಾನೇ ಮೇಡಂ?” ಎಂದು ಒಬ್ಬಳು ಕೇಳಿದಳು. “ಸಾಲ ಕೊಡೋರು ನಿನ್ನ ಮುಖ ನೋಡ್ಬೇಕಲ್ಲ” ಎಂದು ಇನ್ನೊಬ್ಬಳು. ಇಬ್ಬರದ್ದು ಕೆಂಪಾಯಿತು. ಆದರೆ ಅವರ ಗುರುತನ್ನು ನೀನು ವಾಪಸು ಕಳಿಸಿದ ಚೀಟಿಯ ಪಕ್ಕ ಇಟ್ಟರೆ, ಆನೆಯ ಪಕ್ಕ ಆಡಿನ ಮರಿ. ಅರ್ಧದಷ್ಟೂ ಇಲ್ಲ.

ಅಂಜಿನಮ್ಮ ಒಂದು ಡಬ್ಬಿ ಕಟ್ಟಿದಳು, ಚೀಟಿಗೆ ಯಾರ ಬೆರಳೂ ತಾಕದ ಹಾಗೆ ಅಂಚು ಹಿಡಿದು ಅಂಟಿಸಿದಳು. ನಾವಿಬ್ಬರೂ ಬಸ್ಸು ಹತ್ತಿದೆವು.

ಭೀಮೇಶರ ಹೋಟೆಲಿನಲ್ಲಿ ಊಟಕ್ಕೆ ಮೊದಲ ಪಂಕ್ತಿ ಕೂತಿತ್ತು. ಅವರು ಗಲ್ಲಾದಲ್ಲಿ ಕುಳಿತು, ಊಟ ಮುಗಿಸಿ ಏಳುವವರಿಗೆಂದು ಎಲೆಗೆ ಸುಣ್ಣ ಸವರಿ ಮಡಚಿ ತಟ್ಟೆಯಲ್ಲಿ ಜೋಡಿಸುತ್ತಿದ್ದರು. ನಾನು ಅಂಜಿನಮ್ಮನನ್ನು ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ಆ ಹೆಬ್ಬೆರಳನ್ನೇ ನೋಡುತ್ತಿದ್ದಳು. ಬಾಳೆಹಣ್ಣಿನಷ್ಟು ದಪ್ಪ, ಸುಣ್ಣ ಹತ್ತಿ ಬೆಳ್ಳಗೆ.

“ಡಬ್ಬಿ ಬಿಚ್ಚಿ ನೋಡ್ರಿ ಸ್ವಾಮಿ. ದಿನಾ ಹೆಂಗೆ ನೋಡ್ತೀರೋ ಹಂಗೇ ನೋಡ್ರಿ” ಅಂದಳು.

ಅವರು ಬಿಚ್ಚಿದರು. ಮುಚ್ಚಳವನ್ನು ಬೆಳಕಿಗೆ ಹಿಡಿದರು. ಹಳದಿ. “ಈಗೇನೋ ಚಂದ ಐತೆ” ಎಂದು, ಹೊಸ ನೋಟನ್ನು ಒತ್ತಿ ನೋಡುವ ಹಾಗೆ, ಚೀಟಿಯ ನಡುವೆ ಹೆಬ್ಬೆರಳು ಒತ್ತಿ ತೆಗೆದರು. ಅವರ ಕಣ್ಣೆದುರಿಗೇ ಕೆಂಪಾಯಿತು. ಅವರು ಬೆರಳು ನೋಡಿಕೊಂಡರು, ಚೀಟಿ ನೋಡಿದರು, ಮತ್ತೆ ಬೆರಳು ನೋಡಿಕೊಂಡರು.

ಅಂಜಿನಮ್ಮ ಇಡೀ ಹೋಟೆಲಿಗೆ ಕೇಳುವ ಹಾಗೆ ಹೇಳಿದಳು: “ಸ್ವಾಮೀ, ಮೀನು ಚಲೋ ಐತೆ. ಕೆಟ್ಟಿರೋದು ನಿಮ್ಮ ಹೆಬ್ಬೆಟ್ಟು!”

ಅನ್ನ ಬಾಯಲ್ಲಿದ್ದವರು ಕೆಮ್ಮಿದರು. ಕಚೇರಿಯವರೊಬ್ಬರು ಎಂಜಲು ಕೈಯಲ್ಲೇ ಎದ್ದು ಬಂದು ನೋಡಿದರು. ಮೊದಲ ವಾರ ಡಬ್ಬಿ ಬಿಚ್ಚುತ್ತಿದ್ದದ್ದು ಅಡಿಗೆಯವನಂತೆ. ಆಮೇಲೆ ಚೀಟಿ ನೋಡುವ ಹುಚ್ಚು ಹತ್ತಿ ಭೀಮೇಶರೇ ಶುರುಮಾಡಿದರಂತೆ. ದಿನಾ ಮೊದಲು ಒತ್ತಿ ಆಮೇಲೆ ಬೆಳಕಿಗೆ ಹಿಡಿಯುತ್ತಿದ್ದರಂತೆ, ಅವತ್ತು ನಾವು ಎದುರಿಗಿದ್ದೆವೆಂದು ಮೊದಲು ಬೆಳಕಿಗೆ ಹಿಡಿದಿದ್ದರು. ಬಿಡುವಾದಷ್ಟೂ ಹೆಚ್ಚು ಡಬ್ಬಿ, ಹೆಚ್ಚು ಕೆಂಪು. ಅವರು ಎದ್ದು ನಿಂತು, ಆ ಮುಚ್ಚಳವನ್ನು ಒಂದೊಂದು ಟೇಬಲ್ಲಿಗೂ ಒಯ್ದು ತೋರಿಸಿದರು. “ನೋಡ್ರಿ, ಈ ಕೈ ತಪ್ಪು. ಈ ಯಮ್ಮನದಲ್ಲ. ಈ ಯಮ್ಮನದಲ್ಲ.” ಎಂಟು ಟೇಬಲ್ಲಿಗೆ ಎಂಟು ಸಲ ಹೇಳಿದರು. ಜನವರಿ ಆರರಿಂದ ತಿಂಗಳನ್ನು ಹೊಸದಾಗಿ ಎಣಿಸೋಣ ಎಂದರು.

ವಾಪಸು ಬರುವಾಗ ಅಂಜಿನಮ್ಮ ನನ್ನ ಪಕ್ಕದಲ್ಲಿ ಕೂರಲಿಲ್ಲ, ಮುಂದಿನ ಸೀಟಿನಲ್ಲಿ ಕೂತಳು. ಅರ್ಧ ದಾರಿಯಲ್ಲಿ ಹಿಂದೆ ತಿರುಗಿ, “ನಿಮ್ಮವ್ವ ಮೀನು ಮುಟ್ಟಲ್ಲ, ಆದ್ರೂ ಕಂಡು ಹಿಡಿದ್ರು. ಕರೆಸ್ರಿ ಅವರನ್ನ” ಅಂದಳು. ಅಷ್ಟೇ.

ಶಿವಲೀಲಾ

*

ಚನ್ನಗಿರಿ
3 ಜನವರಿ 2025

ಲೀಲಾ,

ಹೆಬ್ಬೆಟ್ಟಿನ ಮಾತನ್ನು ಚಿತ್ತಪ್ಪನಿಗೆ ಎರಡು ಸಲ ಓದಿ ಹೇಳಬೇಕಾಯಿತು. ಎರಡನೇ ಸಲ ಅಂಗಡಿಗೆ ಬಂದಿದ್ದ ಅಡಿಕೆ ಮಂಡಿಯವರೂ ನಿಂತು ಕೇಳಿದರು.

ಚೀಟಿಯ ಮೇಲೆ ‘ಮುಟ್ಟಬೇಡಿ’ ಎಂದು ಹೊಡೆಯೋಣ ಅಂದ ಅವನು. ಬೇಡ ಅಂದೆ. ಹಾಗೆ ಬರೆದರೆ ನಮ್ಮ ಜನ ಮೊದಲು ಮುಟ್ಟಿ, ಆಮೇಲೆ ಓದುತ್ತಾರೆ. ಹಳೆಯ ಲಗ್ನಪತ್ರಿಕೆಗೆ ಒಳಗೆ ಇಡುತ್ತಿದ್ದ ತೆಳು ಟ್ರೇಸಿಂಗ್ ಕಾಗದ ಎರಡು ರೀಮು ಹಾಗೇ ಉಳಿದಿತ್ತು. ಅದಕ್ಕೆ ಸೂಜಿಯಿಂದ ತೂತು ಹಾಕಿ ಚೀಟಿಯ ಮೇಲೆ ಅಂಟಿಸಿದ್ದೇನೆ. ಬಣ್ಣ ಕಾಣುತ್ತದೆ, ಆವಿ ಒಳಗೆ ಹೋಗುತ್ತದೆ, ಭೀಮೇಶನ ಬೆರಳು ಹೊರಗೇ ಉಳಿಯುತ್ತದೆ. ನಾನೇ ಸುಣ್ಣದ ಕೈಯಲ್ಲಿ ಹತ್ತು ಸಲ ಒತ್ತಿ ನೋಡಿದೆ.

ಆರುನೂರಕ್ಕೆ ತೂತು ಹಾಕಿ ಬೆರಳು ಜೋಮು ಹಿಡಿದಿದೆ. ಸೋಮವಾರ ಇವನ್ನು ಕೆಂಚೇಶನ ಕೈಯಲ್ಲಿ ಕಳಿಸುವುದಿಲ್ಲ. ನಾನೇ ತರುತ್ತೇನೆ.

ಅವ್ವ

*

ಹೊನ್ನಾಳಿ
8 ಫೆಬ್ರವರಿ 2025

ಅವ್ವ,

ಒಂದು ದಿನಕ್ಕೆಂದು ಬಂದ ನೀನು ಐದು ದಿನ ಇದ್ದು ಹೋದೆ. ಮೊದಲ ದಿನ ಸೆರಗು ಮೂಗಿನ ಮೇಲಿತ್ತು, ಸ್ಟೂಲು ಬುಟ್ಟಿಯಿಂದ ಎಂಟು ಅಡಿ ದೂರವಿತ್ತು. ಮೂರನೇ ದಿನ ನಾನು ಕಾಲೇಜಿನಿಂದ ಬಂದಾಗ ನೀನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಂಜಿನಮ್ಮನ ಪಕ್ಕದಲ್ಲೇ ಕುಳಿತು, “ಏ, ಮೂಲೆ ಎದ್ದೈತೆ ನೋಡು, ಒತ್ತು ಇಲ್ಲಿ” ಎಂದು ಗದರುತ್ತಿದ್ದೆ. ನಿನ್ನನ್ನು ಅಷ್ಟು ಖುಷಿಯಾಗಿ ನೋಡಿ ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ. ಮೂರು ವರ್ಷದ ಹಿಂದೆ ನಾನು ಮುಚ್ಚು ಅಂದದ್ದು ಯಾವುದನ್ನು ಎಂದು ಆಗ ಅರ್ಥವಾಯಿತು. ಇಷ್ಟೇ ಬರೆಯುತ್ತೇನೆ.

ಈಗ ಮೊನ್ನೆಯ ತನಕದ ಸುದ್ದಿ. ತಿಂಗಳು ಫೆಬ್ರವರಿ ಐದಕ್ಕೆ ಮುಗಿಯಿತು. ನ್ಯಾಮತಿಗೆ ಹೋದ ಒಂದು ಡಬ್ಬಿಯೂ ಕೆಂಪಾಗಲಿಲ್ಲ.

ಆದರೆ ಹೋಗದೇ ಉಳಿದ ಡಬ್ಬಿಯೊಂದಿದೆ, ಅದನ್ನು ಹೇಳಬೇಕು. ಜನವರಿ ಇಪ್ಪತ್ತೊಂಬತ್ತರಂದು ಐಸಿನ ಗಾಡಿ ತಡವಾಗಿತ್ತು. ಇಪ್ಪತ್ತು ಡಬ್ಬಿ ಕಟ್ಟಿ ಬಸ್ಸಿಗೆ ಕಾಯುತ್ತಿದ್ದರು, ನಾನೂ ಇದ್ದೆ. ಅಂಜಿನಮ್ಮ ಒಂದು ಡಬ್ಬಿ ತೆಗೆದು ಪಕ್ಕಕ್ಕಿಟ್ಟಳು. “ಇದು ಬ್ಯಾಡ.”

ಮುಚ್ಚಳ ತೆಗೆದು ನೋಡಿದೆ. ಚೀಟಿ ಹಳದಿಯೇ ಇತ್ತು. “ಚೆನ್ನಾಗಿದೆಯಲ್ಲ ಅಂಜಿನಮ್ಮಾ” ಅಂದೆ. ಮೊದಲಾಗಿದ್ದರೆ ಇನ್ನೂ ಏನಾದರೂ ಹೇಳುತ್ತಿದ್ದೆ. ಮುಚ್ಚಳ ಮತ್ತೆ ಹಾಕಿದೆ.

“ನಿಮ್ಮ ಚೀಟಿಗೆ ಇನ್ನಾ ನಿದ್ದೆ” ಅಂದಳು. ಹತ್ತೊಂಬತ್ತು ಡಬ್ಬಿ ಹೋದವು. ಆ ಒಂದನ್ನು ನಾನು ಪ್ರಯೋಗಾಲಯಕ್ಕೆ ಒಯ್ದು ಎದುರಿಗಿಟ್ಟುಕೊಂಡು ಕೂತೆ. ಒಂದು ಗಂಟೆ ಹತ್ತು ನಿಮಿಷ ಕಳೆದ ಮೇಲೆ ಅಂಚು ಕಿತ್ತಳೆಯಾಯಿತು. ಎರಡು ಗಂಟೆ ಕಳೆಯುವಷ್ಟರಲ್ಲಿ ಚೀಟಿ ತುಂಬ ಇಟ್ಟಿಗೆ. ಓಡಿಹೋಗಿ ಹೇಳಿದರೆ ಅವಳಿಗೆ ಆಶ್ಚರ್ಯವೇ ಇಲ್ಲ. “ನನ್ನ ಮೂಗು ನಿಮ್ಮ ಚೀಟಿಗಿಂತ ಒಂದು ಗಂಟೆ ಮುಂದೈತೆ ಮೇಡಮ್ಮೋರೆ. ಊರಿನೋರು ಮೂಗು ನಂಬಲ್ಲ, ಚೀಟಿ ನಂಬ್ತಾರೆ. ಇರ್ಲಿ ಬಿಡ್ರಿ, ಅದೂ ಕಲೀತೈತೆ.”

ಆ ಚೀಟಿ ನನ್ನ ನೋಟ್‌ಬುಕ್ಕಿನಲ್ಲಿದೆ. ಪಕ್ಕದಲ್ಲಿ ಸಮಯ ಬರೆದಿದ್ದೇನೆ. ಎರಡು ಕಾಲಂ ಹಾಕಿದ್ದೇನೆ: ಚೀಟಿ, ಅಂಜಿನಮ್ಮ. ಅವಳ ಕಾಲಂ ಮೊದಲು.

ಭೀಮೇಶ್ ಕಾಯಂ ಮಾಡಿದ್ದಾರೆ, ದಿನಾ ಮೂವತ್ತು ಡಬ್ಬಿ. ಸೇತುವೆಯ ಹತ್ತಿರವೂ ಜನ ನಿಲ್ಲುತ್ತಿದ್ದಾರೆ. ಬೈಕಿನಲ್ಲಿ ಬಂದು ಅಣಕಿಸಿದ್ದನಲ್ಲ, ಅವನೂ ಬಂದಿದ್ದ. “ನಿನಗೆ ಹಳದಿ ಬೇಕಾ, ಕೆಂಪು ಬೇಕಾ?” ಎಂದು ಕೇಳಿ ಅವನಿಗೂ ಕೊಟ್ಟಳು, ಒಂದು ತುಂಡು ಹೆಚ್ಚಿಗೆ ಹಾಕಿ.

ನಿನಗೆ ಅವಳದೇ ಒಂದು ಕಾಗದ ಬರುತ್ತದಂತೆ. ಏನೆಂದು ನನಗೆ ಹೇಳಲಿಲ್ಲ.

ಶಿವಲೀಲಾ

*

ಹೊನ್ನಾಳಿ
12 ಫೆಬ್ರವರಿ 2025

ಚನ್ನಗಿರಿ ಕೊಟ್ರಮ್ಮನೋರಿಗೆ ಅಂಜಿನಮ್ಮ ಮಾಡುವ ಶರಣು.

ನನಗೆ ಬರಿಯಾಕೆ ಬರಲ್ಲ, ಮಗಳು ಬರೀತಾಳೆ. ನಾನು ಹೇಳಿದಂಗೇ ಬರಿ, ಚಂದ ಮಾಡಾಕೆ ಹೋಗಬ್ಯಾಡ ಅಂತ ಹೇಳಿದೀನಿ.

ನೀವು ಅರಾಮಾಗಿ ಊರು ಮುಟ್ಟಿದ್ರಿ ಅಂತ ಕೆಂಚೇಶ ಹೇಳಿದ. ನೀವು ಹೋದ ಮ್ಯಾಲೆ ನಮ್ಮೋರು ಮೂಲೆ ಸರಿಯಾಗಿ ಒತ್ತಾಕೆ ಕಲ್ತವ್ರೆ. ಯಾರಾನ ಸೋಮಾರಿತನ ಮಾಡಿದ್ರೆ ‘ಕೊಟ್ರಮ್ಮನೋರು ಬತ್ತಾರೆ’ ಅಂತೀನಿ, ಎಲ್ಲಾ ನೆಟ್ಟಗಾಗ್ತಾರೆ.

ನಿಮ್ಮ ಮಗಳ ಮ್ಯಾಲೆ ನನಗೆ ಸಿಟ್ಟಿತ್ತು. ಅವರು ಬರೀ ಕೈಯಾಗೆ ಬಂದು ಬಾಗಿಲಾಗೆ ನಿಂತ ದಿನ ಅರ್ಧ ಹೋತು. ಮೊನ್ನೆ ಆ ಡಬ್ಬಿ ಬ್ಯಾಡ ಅಂದಾಗ ಅವರು ವಾದ ಮಾಡ್ದೆ ಎತ್ಕೊಂಡು ಹೋದ್ರಲ್ಲ, ಅವತ್ತು ಉಳಿದಿದ್ದೂ ಹೋತು. ಇದನ್ನ ಅವರಿಗೆ ನಾನು ಹೇಳಿಲ್ಲ. ನೀವೂ ಇಷ್ಟು ಬ್ಯಾಗ ಹೇಳಬ್ಯಾಡ್ರಿ.

ಈಗ ಕೆಲಸದ ಮಾತು. ಮುಂದಿನ ಕಂತು ಸಾವಿರ ಚೀಟಿ ಬೇಕು. ಚೀಟಿ ಮ್ಯಾಲೆ ಏನು ಹೊಡೀಬೇಕು ಅಂತ ಕೇಳಿದ್ರಿ. ಭೀಮೇಶಣ್ಣ ತಮ್ಮ ಹೋಟೆಲ್ ಹೆಸರು ಹಾಕ್ಸಿ ಅಂತಾನೆ. ಮೇಡಮ್ಮೋರು ಮಹಿಳಾ ಸಂಘ ಅಂತ ಹಾಕೋಣ ಅಂತಾರೆ. ಮಗಳು ಒಂದು ಮೀನಿನ ಚಿತ್ರ ಬರ್ದವ್ಳೆ, ಅದು ಕಪ್ಪೆ ಇದ್ದಂಗೈತೆ.

ಅವ್ಯಾವೂ ಬ್ಯಾಡ. ನನ್ನ ಹೆಸರು ಹಾಕ್ರಿ. ಹೊಳೆ ಮೀನಿನ ಅಂಜಿನಮ್ಮ, ಹೊನ್ನಾಳಿ. ದಪ್ಪ ಅಕ್ಷರದಾಗೆ. ಹೋದ ಬ್ಯಾಸಗೆ ಯಾರೋ ಎಲ್ಲೋ ತಿಂದ ಮೀನಿಗೆ ನನ್ನ ಹೆಸರು ಹಚ್ಚಿದ್ರು. ಈ ಬ್ಯಾಸಗೆ ನನ್ನ ಮೀನಿಗೆ ನಾನೇ ನನ್ನ ಹೆಸರು ಹಚ್ತೀನಿ. ಹೆಸರು ಚೀಟಿ ಕೆಳಗೆ ಬ್ಯಾಡ, ಮ್ಯಾಲೆ ಇರ್ಲಿ. ಹಳದಿ ಇದ್ರೂ ನನ್ನ ಹೆಸರಿನ ಕೆಳಗೇ ಇರ್ಲಿ, ಕೆಂಪಾದ್ರೂ ನನ್ನ ಹೆಸರಿನ ಕೆಳಗೇ ಆಗ್ಲಿ.

ಹೇಳಿದವಳು,
ಅಂಜಿನಮ್ಮ

ಬರೆದವಳು ಚೈತ್ರಶ್ರೀ. ಅದು ಕಪ್ಪೆ ಅಲ್ಲ ಅಜ್ಜಿ, ಮೀನೇ.